ಎರಡನೇ ಸಲ ಕೇಳದ ಕಂಪನಿ

ಬೇಡ ಅಂದರೆ ಬೇಡ ಎಂದೇ ಅರ್ಥ ಮಾಡಿಕೊಳ್ಳುವ ಜನ ಈ ಭೂಮಿಯ ಮೇಲೆ ಇದ್ದಾರೆ ಎನ್ನುವುದು ನಮ್ಮ ಗಿರಿಜಾ ವೈನಿಗೆ ಕಳೆದ ವಾರ ಗೊತ್ತಾಯಿತು. ಗೊತ್ತಾದ ಮೇಲೆ ಅವರಿಗೆ ಊಟ ಸೇರಲಿಲ್ಲ.

ವೈನಿ ಧಾರವಾಡದವರು. ಯಜಮಾನರು ರೈಲ್ವೆಯಲ್ಲಿ ಎಂಜಿನಿಯರ್. ಇಲ್ಲೇ ಕೋಲ್ಕತಾದ ಲೇಕ್ ಗಾರ್ಡನ್ಸ್‌ನಲ್ಲಿ, ನಮ್ಮ ಪಕ್ಕದ ಬೀದಿಯಲ್ಲಿ ಮನೆ. ಮೈಸೂರಿನವಳಾದ ನಾನೂ ಅವರನ್ನು ಅತ್ತಿಗೆ ಅನ್ನದೆ ಅವರ ಕಡೆಯ ಹಾಗೆ ವೈನಿ ಅಂತಲೇ ಕರೆಯುವುದು. (ಈ ಊರಲ್ಲಿ ಕನ್ನಡದವರು ಸಿಕ್ಕರೆ ಸಾಕು, ನೆಂಟಸ್ತನಕ್ಕೆ ನಾವು ಪುರಾವೆ ಕೇಳುವುದಿಲ್ಲ.) ಅವರು ಹಾಡು ಕಟ್ಟುತ್ತಾರೆ. ಮಾತೂ ಅವರದೇ, ರಾಗವೂ ಅವರದೇ. ಲೋಕಲ್ ಟ್ರೇನಿನ ನೂಕುನುಗ್ಗಲಿನ ಮೇಲೊಂದು ಹಾಡಿದೆ. ಪಕ್ಕದ ಮನೆಯ ಮೀನಿನ ಒಗ್ಗರಣೆಗೆ ಮೂಗು ಮುಚ್ಚಿಕೊಂಡ ಹೊಸ ಸೊಸೆಯ ಮೇಲೆ ಇನ್ನೊಂದು. ಕೇಳಲು ಕೂತವರು ಎದ್ದು ಹೋಗುವುದಿಲ್ಲ, ಅದಕ್ಕೆ ನಾನು ಗ್ಯಾರಂಟಿ.

ಆದರೆ ಅವರನ್ನು ಹಾಡಿಸುವುದಕ್ಕೆ ಒಂದು ಪದ್ಧತಿ ಇದೆ. "ವೈನಿ, ಒಂದು ಹಾಡು" ಎಂದು ನಾವು ಕೇಳಬೇಕು. "ಅಯ್ಯ, ನಂದೇನ್ ಹಾಡು, ಬಿಡ್ರಿ" ಎಂದು ಅವರು ಅನ್ನಬೇಕು. ಮತ್ತೆ ಕೇಳಬೇಕು. ಗಂಟಲು ಸರಿ ಇಲ್ಲ ಅನ್ನಬೇಕು. ಆಮೇಲೆ ಯಾರಾದರೂ ಹಿರಿಯರು ಸ್ವಲ್ಪ ಗದರಬೇಕು. ಆಗ ಸೆರಗು ಸರಿಮಾಡಿಕೊಂಡು ಶುರು ಮಾಡಿದರೆ ನಿಲ್ಲಿಸುವುದೇ ಕಷ್ಟ. ನಿಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? ಇನ್ನೊಂದು ಸಲ ಕೇಳುತ್ತಾರೆಂದು ನಂಬಿ "ಒಬ್ಬಟ್ಟು ಸಾಕು" ಎಂದು ಅರೆಹೊಟ್ಟೆಯಲ್ಲಿ ಎದ್ದವರು ನಮ್ಮಲ್ಲಿ ಎಷ್ಟು ಜನ!

ವೈನಿಯ ಮಗಳು ಅನಘಾ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಅವಳ ಆಫೀಸಿನ ಪಕ್ಕದ ಕಟ್ಟಡದಲ್ಲಿ ಒಂದು ಹೊಸ ಕಂಪನಿ. ಸ್ವತಂತ್ರವಾಗಿ ಹಾಡುವವರಿಗೆ ರೆಕಾರ್ಡಿಂಗ್ ಮಾಡಿಕೊಡುತ್ತದೆ, ಸಿಡಿ ಮಾಡಿಸುತ್ತದೆ, ಅಂಗಡಿಗೂ ಇಂಟರ್‌ನೆಟ್ಟಿಗೂ ತಲುಪಿಸುತ್ತದೆ. ಅಮ್ಮನನ್ನು ಪುಸಲಾಯಿಸಿ ಕರೆದುಕೊಂಡು ಹೋದಳು. ಕುತೂಹಲ ತಡೆಯಲಾರದೆ ನಾನೂ ಜೊತೆಗೆ ಹೊರಟೆ.

ನನಗಿದ್ದದ್ದು ಒಂದೇ ಅನುಮಾನ. ಇಷ್ಟೆಲ್ಲ ಮಾಡಿ ಕೊನೆಗೆ ಹಾಡು ಯಾರದ್ದಾಗುತ್ತದೆ? ತಮಾಲ್ ಎಂಬ ಹುಡುಗ ಅಲ್ಲಿನ ಉಸ್ತುವಾರಿ. "ಹಾಡು ಮೇಡಂದೇ. ನಾವು ಬರೀ ಸರ್ವಿಸ್" ಎಂದ. ಯಾವ ಹಾಡು ಮೊದಲು? "ಮೇಡಂ ಹೇಳಿದ್ದು." ಕವರ್ ಯಾವ ಬಣ್ಣ? "ಮೇಡಂ ಹೇಳಿದ್ದು." ಮದುವೆಯಾದ ಮೇಲೆ ವೈನಿ ಒಂದೇ ದಿನ ಇಷ್ಟೊಂದು ತೀರ್ಮಾನ ಮಾಡಿದ್ದು ಅದೇ ಮೊದಲು ಅನಿಸುತ್ತದೆ. ಮುಖ ಅರಳಿತ್ತು.

ರೆಕಾರ್ಡಿಂಗ್ ಚೆನ್ನಾಗಿಯೇ ಆಯಿತು. ದುರ್ಗಾಪೂಜೆಗೆ ಮುಂಚೆ ಬಿಡುಗಡೆಯಾಗುವ ಸಿಡಿಗಳ ಜೊತೆ ವೈನಿಯದ್ದೂ ಬರುವುದು ಎಂದಾಗಿತ್ತು. ಕಳೆದ ವಾರ ತಮಾಲ್ ಫೋನ್ ಮಾಡಿದ. "ಮೇಡಂ, ಎಲ್ಲಾ ರೆಡಿ. ರಿಲೀಸ್ ಮಾಡೋಣವೇ?"

ವೈನಿ ಏನಂದಿರಬಹುದು ಹೇಳಿ? ಅದೇ ‘ನಂದೇನ್ ಹಾಡು, ಬಿಡ್ರಿ’, ಈ ಸಲ ಹಿಂದಿಯಲ್ಲಿ: "ಅರೆ ನಹೀ ನಹೀ, ಮೇರಾ ಕ್ಯಾ ಗಾನಾ, ರಹನೇ ದೀಜಿಯೇ!"

"ನಿಮ್ಮ ತೀರ್ಮಾನವೇ ಅಂತಿಮ, ಮೇಡಂ" ಎಂದು ತಮಾಲ್ ಬಹಳ ಗೌರವದಿಂದ ಫೋನ್ ಇಟ್ಟ. ಸಂಜೆಗೆ ಇಮೇಲೂ ಬಂತು: ರಿಲೀಸ್ ಕ್ಯಾನ್ಸಲ್.

"ಅಲ್ಲಾ, ಒಂದ್ ಸಲ ಬ್ಯಾಡ ಅಂದೆ. ಇನ್ನೊಂದ್ ಸಲ ಕೇಳಬೇಕಿಲ್ಲೇನು ಅವ?" ನಮ್ಮ ಮನೆಗೆ ಬಂದು ಕೂತ ವೈನಿಯ ಕಣ್ಣಲ್ಲಿ ನೀರು. ನನಗೆ ನಗು ಬಂತು, ಜೊತೆಗೆ ಸಂಕಟವೂ ಆಯಿತು. ಪೂಜೆಯ ಸಿಡಿಗಳು ಮಾರನೆಯ ದಿನವೇ ಅಚ್ಚಿಗೆ ಹೋಗಲಿದ್ದವು.

ನಾನೇ ತಮಾಲ್‌ಗೆ ಫೋನ್ ಮಾಡಿದೆ. ಅವರು ಬೇಡ ಅಂದದ್ದು ಬೇಡ ಅಂತ ಅಲ್ಲಪ್ಪ ಎಂದು ವಿವರಿಸಿದೆ. ಪಾಪ, ಅವನಿಗೆ ತಲೆಬುಡ ತಿಳಿಯಲಿಲ್ಲ. "ಹಾಗಾದರೆ ನಿಜವಾಗಿ ಬೇಡದಿದ್ದಾಗ ಏನಂತಾರೆ?" ಎಂದು ಕೇಳಿದ.

(ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ?)

"ಅವರ ಪರವಾಗಿ ನಾನೇ ಹೇಳ್ತೀನಿ, ರಿಲೀಸ್ ಮಾಡಿ" ಎಂದೆ. ಅವನು ಒಪ್ಪಲಿಲ್ಲ. ಹಿಂದೆ ಒಬ್ಬ ಗಾಯಕಿಯ ಗಂಡ ಫೋನ್ ಮಾಡಿ, ಹೆಂಡತಿಗೆ ತಿಳಿಸದೆ ಅವಳ ಹಾಡು ನಿಲ್ಲಿಸಿಬಿಟ್ಟಿದ್ದನಂತೆ. ಅಂದಿನಿಂದ ಹಾಡಿದವರ ಬಾಯಿಂದಲೇ ಕೇಳಬೇಕೆಂಬುದು ಕಂಪನಿಯ ರೂಲು. ಬೇಡ ಎನ್ನುವುದಕ್ಕೂ ಅಷ್ಟೇ, ಬೇಕು ಎನ್ನುವುದಕ್ಕೂ ಅಷ್ಟೇ. ಸಿಟ್ಟು ಮಾಡಲು ಬಾಯಿ ತೆರೆದವಳು "ಸರಿಯಪ್ಪ, ಅವರ ಬಾಯಿಂದಲೇ ಹೇಳಿಸ್ತೀನಿ" ಎಂದೆ.

ನಮ್ಮ ಈ ಒತ್ತಾಯದ ಪದ್ಧತಿ ನನಗೆ ಇಷ್ಟವೇ. ಅದರಲ್ಲಿ ಪ್ರೀತಿ ಇದೆ. ಆದರೆ ಇನ್ನೊಮ್ಮೆ ಕೇಳುವವರೇ ಇಲ್ಲದ ಮನೆಯ ಹೆಂಗಸು ಏನು ಮಾಡಬೇಕು? ನನಗೆ ಹಾಡಲು ಬರುತ್ತದೆ ಎಂದು ತಾನಾಗಿ ಹೇಳಿದರೆ ಜಂಬದ ಕೋಳಿ. ಹೇಳದಿದ್ದರೆ ಹಾಡು ಅಡುಗೆಮನೆ ದಾಟುವುದಿಲ್ಲ.

ವೈನಿಯನ್ನು ಅವರ ಮನೆಗೆ ಕರೆದುಕೊಂಡು ಹೋದೆ. ಯಜಮಾನರು ಪೇಪರ್ ಓದುತ್ತಿದ್ದರು. ಅನಘಾ ನಂಬರ್ ಒತ್ತಿ ಕೈಗೆ ಕೊಟ್ಟಳು. "ಅಮ್ಮಾ, ಜಸ್ಟ್ ಸೇ ಯೆಸ್ ನಾ!"

ವೈನಿ ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಈ ಸಲ ಅವರ ಪರವಾಗಿ ಯಾರೂ ಹೇಳುವ ಹಾಗಿರಲಿಲ್ಲ. ಆ ಕಡೆಯಿಂದ ತಮಾಲ್ "ಹಲೋ, ಹಲೋ" ಅನ್ನುತ್ತಿದ್ದ.

"ರಿಲೀಸ್ ಕರ್ ದೀಜಿಯೇ" ಎಂದರು ವೈನಿ. ಸೆರಗು ಸರಿಮಾಡಿಕೊಂಡರು. "ಮೈ ಅಚ್ಛಾ ಗಾತೀ ಹೂಂ."

ಅಷ್ಟಂದವರೇ ಏನೋ ಕದ್ದವರ ಹಾಗೆ ಫೋನ್ ಇಟ್ಟುಬಿಟ್ಟರು. ಕಿವಿ ಕೆಂಪಗಾಗಿತ್ತು. ನನಗೆ ಎದ್ದು ಅಪ್ಪಿಕೊಳ್ಳಬೇಕೆನಿಸಿತು, ಅಪ್ಪಿಕೊಂಡೆ.

ಪೇಪರಿನ ಹಿಂದಿನಿಂದ ಯಜಮಾನರ ದನಿ ಬಂತು. "ನೀ ಚಲೋ ಹಾಡ್ತಿ ಅಂತ ನನಗ ಮೊದಲಿಂದನೂ ಗೊತ್ತದ."

"ಗೊತ್ತಿದ್ರ ಇಷ್ಟ್ ವರ್ಷ ಯಾಕ ಹೇಳ್ಲಿಲ್ಲ?"

"ನೀ ಕೇಳಲಿಲ್ಲಲಾ."

ಗಂಡಂದಿರ ಎದೆಯೊಳಗೆ ಎಂದೋ ರೆಕಾರ್ಡ್ ಆಗಿ ಕೂತಿರುವ ಇಂಥ ಮಾತುಗಳನ್ನು ರಿಲೀಸ್ ಮಾಡಿಸಲು ಯಾವ ಕಂಪನಿಗೆ ಹೋಗಬೇಕು?