ಪ್ರವಾಸದ ಉದ್ದೇಶ: ಬಾಣಂತನ

ಅಕ್ಕ ಇರುವ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ನನಗೂ ಅಲ್ಲಿಗೆ ವೀಸಾ ಬೇಕಾದೀತು, ಇದನ್ನೋದಿ ಅವರು ಕೊಡದೆ ಹೋದಾರು. ಅಷ್ಟೊಂದು ಓದಿಸಿಕೊಳ್ಳುವ ಬರಹಗಾರನೇನಲ್ಲ ನಾನು. ಮದುವೆ ರಿಸೆಪ್ಷನ್‌ಗಳಲ್ಲಿ ಊಟದ ಪಂಕ್ತಿ ಏಳುವ ತನಕ ಜನರನ್ನು ಕುರ್ಚಿಯಲ್ಲಿ ಕೂರಿಸಿಡುವ ಮಿಮಿಕ್ರಿಯವನು. ಬಸ್ ಕಂಡಕ್ಟರು, ರೇಷನ್ ಅಂಗಡಿಯವರು, ಮದುಮಗನ ಸೋದರಮಾವ, ಯಾರನ್ನೂ ಬಿಡುವುದಿಲ್ಲ. ಹೆಚ್ಚು ಚಪ್ಪಾಳೆ ಬೀಳುವುದು ತ್ಯಾವರೆಕೊಪ್ಪದ ಸಿಂಹಕ್ಕೆ. ಬೇರೆಯವರು ಗರ್ಜನೆ ಮಾಡುತ್ತಾರೆ, ನಾನು ಆಕಳಿಕೆ ಮಾಡುತ್ತೇನೆ. ಸಫಾರಿಗೆ ಹೋದವರು ನಿಜವಾಗಿ ನೋಡಿ ಬಂದದ್ದು ಅದನ್ನೇ.

ಅಕ್ಕ ಗರ್ಭಿಣಿ ಎಂದು ಗೊತ್ತಾದ ದಿನದಿಂದ ಅಮ್ಮ ಹಳೆಯ ಹತ್ತಿ ಸೀರೆಗಳನ್ನು ಒಗೆದು ಹರಿಯತೊಡಗಿದಳು. ಹೊಟ್ಟೆಗೆ ಕಟ್ಟಲು ಉದ್ದನೆಯವು, ಮಗುವಿಗೆ ಚೌಕದವು. ಅಪ್ಪ ಕಾಗದದ ಕಾರ್ಖಾನೆಯಲ್ಲಿದ್ದಾಗ, ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸ್‌ನಲ್ಲಿ ನಮ್ಮ ಸಾಲಿನ ಎಷ್ಟೋ ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರೆರೆದವಳು ಅವಳು. ಪಕ್ಕದ ಮನೆಗಳ ತಮಿಳು ಹೆಂಗಸರಿಗೆ ಎರೆಯುತ್ತ ಎರೆಯುತ್ತಲೇ ತಮಿಳು ಕಲಿತಳು. ಕಾರ್ಖಾನೆ ನಿಂತು, ಅಪ್ಪ ತೀರಿಕೊಂಡು, ನಾವು ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದ ಮೇಲೆ ಆ ಕೈಗಳಿಗೆ ಕೆಲಸವಿರಲಿಲ್ಲ. ಈಗ ಸ್ವಂತ ಮಗಳದ್ದೇ ಹೆರಿಗೆ. ಅಲ್ಲಿ ಅಕ್ಕನಿಗೆ ಯಾರೂ ಇಲ್ಲ. ಭಾವ ಹೋಟೆಲೊಂದರಲ್ಲಿ ಅಡುಗೆಯವರು, ರಜೆ ಸಿಕ್ಕರೆ ನಾಲ್ಕು ದಿನ. ಹೆರಿಗೆಯ ಹೊತ್ತಿಗೆ ಅಮ್ಮ ಅಲ್ಲಿರಬೇಕು, ಅಷ್ಟೇ.

ಶಿವಮೊಗ್ಗದಲ್ಲಿ ವೀಸಾ ಅರ್ಜಿ ತುಂಬಿಕೊಡುವವರೊಬ್ಬರ ಬಳಿ ಹೋದೆ. ವಯಸ್ಸಾದವರು, ಪ್ರತಿ ಮಾತಿಗೂ ಮುಂಚೆ ಗಂಟಲು ಸರಿಮಾಡಿಕೊಳ್ಳುವವರು.

"ಟೂರಿಸ್ಟ್ ವೀಸಾನೋ, ಫ್ಯಾಮಿಲಿ ವಿಸಿಟ್ಟೋ?"

"ಯಾವ್ದು ಬೇಗ ಆಗುತ್ತೆ ಸಾರ್?"

"ಬೇಗ ಆಗೋದು ಕೇಳ್ಬೇಡಿ, ನಿಜ ಇರೋದು ಹೇಳಿ. ಹೆರಿಗೆ ಟೈಮಲ್ಲಿ ಮಗಳ ಜೊತೆ ಇರೋಕೆ ತಾನೆ ಹೋಗ್ತಿರೋದು? ಫ್ಯಾಮಿಲಿ ವಿಸಿಟ್ ಹಾಕಿ. ಮಗಳ ಲೆಟರ್, ಡಾಕ್ಟರ್ ಲೆಟರ್, ಅಳಿಯಂದ್ರ ಕೆಲಸದ ಕಾಗದ ತರಿಸ್ಕೊಳಿ. ಬರೋ ತನಕ ಕಾಯಿರಿ."

ಭಾವನ ಹೋಟೆಲಿನವರು ಆ ಕಾಗದಕ್ಕೆ ಮೂರು ವಾರ ಕೇಳಿದ್ದರು. ಸಾಲದ್ದಕ್ಕೆ ಗೆಳೆಯನೊಬ್ಬ ನನ್ನ ಕಿವಿ ಊದಿದ್ದ: ಬಾಣಂತನ ಎಂದರೆ ಅವರು ಅದನ್ನು ಕೆಲಸಕ್ಕೆ ಬರುವುದು ಎಂದುಕೊಳ್ಳುತ್ತಾರೆ, ಟೂರಿಸ್ಟ್ ಎಂದರೆ ಪ್ರಶ್ನೆಯೇ ಇಲ್ಲ. ಮನೆಗೆ ಬಂದವನು ಆ ಹಿರಿಯರ ಗಂಟಲನ್ನು ಮಾಡಿ ತೋರಿಸಿ ಅಮ್ಮನನ್ನು ನಗಿಸಿದೆ. ಆಮೇಲೆ ನಾನೇ ಆನ್‌ಲೈನಿನಲ್ಲಿ ಟೂರಿಸ್ಟ್ ಎಂದು ಹಾಕಿದೆ. ಅಮ್ಮ ನೋಡಲಿರುವ ಸ್ಥಳಗಳನ್ನೂ ಬರೆದೆ: ಎರಡು ಮ್ಯೂಸಿಯಂ, ಒಂದು ಕೋಟೆ, ಒಂದು ಜಲಪಾತ.

"ತ್ಯಾವರೆಕೊಪ್ಪದಲ್ಲೇ ನಾನು ಬಸ್ಸಲ್ಲಿ ನಿದ್ದೆ ಹೋಗಿದ್ದೆ ಮಾರಾಯ," ಅಂದಳು ಅಮ್ಮ. "ಮ್ಯೂಸಿಯಂ ನೋಡ್ತೀನಿ ಅಂದ್ರೆ ಯಾರು ನಂಬ್ತಾರೆ?"

"ನಂಬ್ಸೋದೇ ನನ್ನ ಕಸುಬು ಕಣಮ್ಮ."

ದಿನಾ ಸಂಜೆ ತಾಲೀಮು. ಅಡುಗೆಮನೆಯ ಕಿಟಕಿಯ ಆಚೆ ನಾನು, ಈಚೆ ಅಮ್ಮ. ನನ್ನ ಅಧಿಕಾರಿ ಮೂಗಿನಲ್ಲಿ ಮಾತಾಡುವ ಗಡಸು ಮನುಷ್ಯ.

"ಯಾಕೆ ಹೋಗ್ತಿರೋದು?"

"ಊರು ನೋಡೋಕೆ ಸಾರ್."

"ಮಗಳಿಗೆ ಅಡುಗೆ ಮಾಡಲ್ವಾ?"

"ಅವಳೇ ಮಾಡ್ಕೋತಾಳೆ ಸಾರ್. ನಾನು ಮ್ಯೂಸಿಯಂ."

ಎಷ್ಟು ಗದರಿದರೂ ಅಮ್ಮ ತಪ್ಪಲಿಲ್ಲ. ಕೊನೆಕೊನೆಗೆ ಅಧಿಕಾರಿಯೇ ನಗು ತಡೆಯಲಾರದೆ ಕಿಟಕಿಯ ಕೆಳಗೆ ಕೂತುಬಿಡುತ್ತಿದ್ದ.

ಸಂದರ್ಶನ ಇದ್ದದ್ದು ಚೆನ್ನೈಯಲ್ಲಿ. ನನ್ನನ್ನು ಒಳಗೆ ಬಿಡಲಿಲ್ಲ, ರಸ್ತೆಯಾಚೆ ಮರದ ಕೆಳಗೆ ನಿಂತೆ. ಅಮ್ಮ ಹೊರಬಂದಾಗ ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇತ್ತು, ಅದರೊಳಗೆ ಮಡಚಿದ ಒಂದು ಹಾಳೆ. ವೀಸಾ ಕೊಡುವವರು ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

"ತುಂಬ ಒಳ್ಳೆಯವರು ಕಣೋ," ಅಂದಳು.

ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವವರು ಆ ದಿನ ಇರಲಿಲ್ಲವಂತೆ. ತಮಿಳಾದರೆ ಆಗುತ್ತಾ ಎಂದು ಕೇಳಿದರಂತೆ. ಆಗುತ್ತೆ ಅಂದಳಂತೆ. ಕಿಟಕಿಯ ಆಚೆ ವೀಸಾ ಕೊಡುವ ದೊರೆ, ಅವನ ಪಕ್ಕದಲ್ಲಿ ತಮಿಳು ಹೇಳುವ ನಡುವಯಸ್ಸಿನ ಹೆಂಗಸು. "ಸಾಪ್ಟೀಂಗಳಾಮ್ಮಾ?" ಎಂದು ಮೊದಲು ಊಟದ ವಿಚಾರ. ಕ್ವಾರ್ಟರ್ಸ್‌ನ ಪಕ್ಕದ ಮನೆಯವಳು ಗೋಡೆಯಾಚೆಯಿಂದ ಕೇಳುತ್ತಿದ್ದಳಲ್ಲ, ಹಾಗೇ. ಆಮೇಲೆ, ಯಾಕಮ್ಮಾ ಹೋಗ್ತಿದೀರಿ, ಎಂದಳಂತೆ.

"ಮಗಳ ಬಾಣಂತನಕ್ಕೆ ಅಂದೆ," ಅಂದಳು ಅಮ್ಮ. "ಅಷ್ಟು ಚೆನ್ನಾಗಿ ಕೇಳಿದವಳ ಹತ್ರ ಸುಳ್ಳು ಹೆಂಗೆ ಹೇಳ್ಲಿ?"

ಆಮೇಲೆ ಕೋಟೆಯ ಹೆಸರು ಕೇಳಿದರಂತೆ. ನೆನಪಾಗಲಿಲ್ಲವಂತೆ.

ನಾನು ಅವಳನ್ನು ಗದರಿಕೆಗೆ ತಯಾರು ಮಾಡಿದ್ದೆ. ಪ್ರೀತಿಯಿಂದ ಕೇಳಿದರೆ ಏನು ಹೇಳಬೇಕೆಂದು ಹೇಳಿಕೊಟ್ಟಿರಲಿಲ್ಲ. ರೈಲಿನಲ್ಲಿ ನನ್ನ ಮೂಗಿನ ದನಿಯ ಅಧಿಕಾರಿಯನ್ನು ಒಂದು ಸಲ ಮಾಡಿ ತೋರಿಸಿದೆ. ಅಮ್ಮ ಕಿಟಕಿಯ ಕಡೆ ತಿರುಗಿದಳು.

ಮತ್ತೆ ಅದೇ ಹಿರಿಯರ ಎದುರು ಕೂತೆ. ಹೇಳಿದ್ದೆನಲ್ಲ ಎಂದು ಅವರು ಅನ್ನಲಿಲ್ಲ, ಗಂಟಲು ಮಾತ್ರ ಸರಿಮಾಡಿಕೊಂಡರು. "ಈ ಸಲ ಫ್ಯಾಮಿಲಿ ವಿಸಿಟ್. ಹಿಂದಿನ ಸಲ ಆಗಿದ್ದನ್ನ ಮುಚ್ಚಿಡ್ಬೇಡಿ, ಅದನ್ನೂ ಬರೀರಿ." ಕಾಗದಗಳೆಲ್ಲ ಬಂದವು. ಸಂದರ್ಶನಕ್ಕೆ ಸಿಕ್ಕಿದ ದಿನ ಮಾತ್ರ ಹೆರಿಗೆಯ ದಿನ ಕಳೆದು ಒಂದೂವರೆ ತಿಂಗಳಿಗೆ. ಅದಕ್ಕಿಂತ ಮುಂಚಿನದು ಎಷ್ಟು ಹುಡುಕಿದರೂ ಸಿಗಲಿಲ್ಲ.

ಹೆಣ್ಣು ಮಗು. ಮೂರು ದಿನ ಇತ್ತು.

ಅಮ್ಮ ಹೋಗಿದ್ದರೆ ಮಗು ಉಳಿಯುತ್ತಿತ್ತು ಎಂದಲ್ಲ, ಹಾಗೆಂದು ಡಾಕ್ಟರೂ ಹೇಳಲಿಲ್ಲ. ಆದರೆ ಆಸ್ಪತ್ರೆಯಿಂದ ಅಕ್ಕ ಖಾಲಿ ಮನೆಗೆ ಬಂದಳು. ಐದನೆಯ ದಿನ ಭಾವ ಕೆಲಸಕ್ಕೆ ಹೋದರು. ಬೆಳಗಿನ ಕಾಫಿಯ ಹೊತ್ತಿಗೆ ಅಕ್ಕನ ವೀಡಿಯೊ ಕಾಲ್ ಬಂತು. ಅಮ್ಮ ಮೊದಲು ಕೇಳಿದ್ದು, "ತಲೆಗೆ ಬಟ್ಟೆ ಯಾಕೆ ಕಟ್ಟಿಲ್ಲ?"

"ಮಗುನೇ ಇಲ್ಲಮ್ಮ. ಇನ್ನು ಯಾರಿಗೆ ಬಾಣಂತನ?"

"ನಿನಗೆ. ಹೆತ್ತಿದ್ದು ನೀನಲ್ವೇನೇ?"

ಅಕ್ಕ ಅಳತೊಡಗಿದಳು. ಎದೆಹಾಲು ಕಟ್ಟಿ ನೋವು, ಜ್ವರ ಬಂದಹಾಗಿದೆ ಅಂದಳು. ಅಮ್ಮ ಭಾವನಿಗೆ ಫೋನು ಮಾಡಿಸಿ, ಇವತ್ತೇ ಡಾಕ್ಟರಿಗೆ ತೋರಿಸಿ ಅಂದಳು. ಜೊತೆಗೆ, ಎಲ್ಲಾದರೂ ಮಲ್ಲಿಗೆ ಹೂವು ಸಿಗುತ್ತಾ ನೋಡಿ ಅಂದಳು. ಹಾಲು ಇಂಗಲು ಮಲ್ಲಿಗೆಯನ್ನು ಎದೆಗೆ ಕಟ್ಟುತ್ತಾರೆ. ಕ್ವಾರ್ಟರ್ಸ್‌ನಲ್ಲಿ ಮಗು ಕಳೆದುಕೊಂಡ ಬಾಣಂತಿಯರಿಗೂ ಒಂದೆರಡು ಸಲ ಅವಳೇ ಹಾಗೆ ಕಟ್ಟಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ. ಭಾವ ಅಂಗಡಿ ಅಂಗಡಿ ಸುತ್ತಿ ತಂದದ್ದು ಮಲ್ಲಿಗೆ ವಾಸನೆಯ ಚಹಾದ ಪೊಟ್ಟಣ. ಅದನ್ನು ಫೋನಿನಲ್ಲಿ ಎತ್ತಿ ತೋರಿಸಿದರು. ಬೇರೆ ದಿನವಾಗಿದ್ದರೆ ಅದೊಂದರಿಂದ ನಾನು ಒಂದು ವರ್ಷ ಕಾರ್ಯಕ್ರಮ ಮಾಡುತ್ತಿದ್ದೆ. ಅಮ್ಮ ಸಂಜೆ ಮಾರ್ಕೆಟಿಗೆ ಹೋಗಿ ನಾಲ್ಕು ಮೊಳ ಮಲ್ಲಿಗೆ ತಂದಳು. ತಂದವಳು ಮುಡಿಯಲೂ ಇಲ್ಲ, ದೇವರಿಗೂ ಇಡಲಿಲ್ಲ. ಎಲೆಯ ಪೊಟ್ಟಣದಲ್ಲೇ ಅದು ಕಂದಿತು.

ಸಂದರ್ಶನದ ದಿನ ಹತ್ತಿರ ಬಂತು. ರದ್ದು ಮಾಡಲೇ ಎಂದೆ. ಅಮ್ಮ ಚೌಕದ ಬಟ್ಟೆಗಳನ್ನೆಲ್ಲ ಬ್ಯಾಗಿನಿಂದ ತೆಗೆದು ಉದ್ದನೆಯವನ್ನು ಮಾತ್ರ ಉಳಿಸಿದಳು. ಆಮೇಲೆ ಅಡುಗೆಮನೆಯ ಕಿಟಕಿಯ ಹತ್ತಿರ ಬಂದು ನಿಂತಳು.

"ಕೇಳು," ಅಂದಳು.

ಹೊರಗೆ ಹೋಗಿ ನಿಂತೆ. ಮೂಗಿನ ದನಿ ಬರಲಿಲ್ಲ. ಅಷ್ಟೂ ಜನರ ದನಿ ಇಟ್ಟುಕೊಂಡವನಿಗೆ ಆ ಹೊತ್ತಿಗೆ ಸಿಕ್ಕಿದ್ದು ನನ್ನದೊಂದೇ.

"ಯಾಕಮ್ಮ ಹೋಗ್ತಿದೀಯ?"

"ಮಗಳ ಬಾಣಂತನಕ್ಕೆ."

ಮುಂದಿನ ಪ್ರಶ್ನೆಯನ್ನು ಅವರು ಕೇಳಿಯೇ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ನಾನು ಕೇಳಲೇಬೇಕಿತ್ತು.

"ಮಗು ಹೇಗಿದೆಯಮ್ಮ?"

ಅಮ್ಮ ಕಿಟಕಿಯ ಸರಳು ಹಿಡಿದುಕೊಂಡಳು. "ಮಗು ಇಲ್ಲ. ಮಗಳಿದಾಳೆ."

ಚೆನ್ನೈಯಲ್ಲಿ ಈ ಸಲ ಪಾಸ್‌ಪೋರ್ಟ್ ಇಟ್ಟುಕೊಂಡರು. ಈಗ ಅಮ್ಮ ಅಲ್ಲಿದ್ದಾಳೆ. ಹೆರಿಗೆಯಾಗಿ ಮೂರು ತಿಂಗಳಾಗುತ್ತ ಬಂದವಳಿಗೆ ದಿನಾ ಎಣ್ಣೆ ತಿಕ್ಕಿ ಎರೆಯುತ್ತಾಳಂತೆ. ಮೊನ್ನೆ ಅಕ್ಕ ಫೋನು ಮಾಡಿ, ಸಿಂಹ ಆಕಳಿಸೋದು ಮಾಡೋ ಅಂದಳು. ಮಾಡಿದೆ. ಆ ಕಡೆ ನಗು ಕೇಳಲಿಲ್ಲ, ಬಚ್ಚಲಲ್ಲಿ ಬಕೆಟ್ಟು ತುಂಬುವ ಸದ್ದು ಕೇಳಿತು. ಇನ್ನೊಂದ್ಸಲ ಮಾಡು ಅಂದಳು. ಮತ್ತೆ ಮಾಡಿದೆ.