ಜಯಮ್ಮನ ಮನೆಯಲ್ಲಿ ಗಾಳಿ ಇಳಿದದ್ದು

ಕೊರೊನಾ ಮುಗಿದ ಮರುವರ್ಷದ ಮಾಗಿಯಲ್ಲಿ ನಾನು ಹೊಳೆನರಸೀಪುರದಲ್ಲಿ ಬಾಣಂತಿಯರಿಗೆ ನೀರು ಹಾಕುವ ಕೆಲಸ ಮಾಡುತ್ತಿದ್ದೆ. ಈಗ ಬಿಟ್ಟಿದ್ದೇನೆ. ಮಂಡಿ ಮಡಚಿ ಕೂತರೆ ಎಬ್ಬಿಸಲು ಇನ್ನೊಬ್ಬರು ಬೇಕು. ನೀರು ಹಾಕುವುದು ಅಂದರೆ ಹಸಿ ಬಾಣಂತಿಗೂ ಕೂಸಿಗೂ ಹರಳೆಣ್ಣೆ ಹಚ್ಚಿ ನೀವಿ, ಬಿಸಿ ನೀರು ಎರೆದು, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸುವುದು. ಕೇಳಲು ಸುಲಭ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡರೆ ಅದು ಮೀನಿನಂತೆ ಜಾರುತ್ತದೆ. ಒಂದು ಕೈ ಅದರ ಎದೆಯ ಕೆಳಗೆ, ಇನ್ನೊಂದು ಕೈಯಲ್ಲಿ ಚೊಂಬು. ಆ ಹೊತ್ತಿನಲ್ಲಿ ಮನೆಯವರು ಯಾರಾದರೂ ಮಾತಾಡಿಸಿದರೆ ನಾನು ಬಯ್ಯುತ್ತಿದ್ದೆ.

ನಾನು ಓದಿದ್ದು ಮೂರನೇ ಕ್ಲಾಸು. ಇದನ್ನು ನಾನೇ ಬರೆದಿದ್ದೇನೆ, ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ. ನಾನು ಮನೆ ಮನೆಗೆ ಹೋಗುತ್ತಿದ್ದ ಸೈಕಲ್ಲೂ ಅವಳದೇ. ಅವಳು ಉದ್ದ ಬೆಳೆದು, ತುಳಿಯುವಾಗ ಮಂಡಿ ಹ್ಯಾಂಡಲ್ಲಿಗೆ ತಾಗಲು ಶುರುವಾದಾಗ ನನ್ನ ಮಗ ಅದನ್ನು ಗುಜರಿಗೆ ಹಾಕಲು ಹೊರಟಿದ್ದ. ಗುಲಾಬಿ ಬಣ್ಣ, ಮುಂದೆ ಬುಟ್ಟಿ, ಇಪ್ಪತ್ತು ಇಂಚಿನ ಪುಟ್ಟ ಚಕ್ರ.

"ಬುಡ್ಲಾ, ನಂಗಿರ್ಲಿ" ಅಂದೆ.

"ನಿಂಗಾ? ಬಿದ್ದು ಸೊಂಟ ಮುರ್ಕೊಂಡ್ರೆ ನಿಂಗೆ ನೀರಾಕೋರು ಯಾರವ್ವಾ?"

"ನೀನೇ ಆಕ್ಲಾ. ನಿಂಗೆ ನಾನಾಕಿಲ್ವಾ?"

ನಾಲೆ ಏರಿಯ ಮೇಲೆ ಕಲಿತೆ. ಬೀಳಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಸಣ್ಣ ಚಕ್ರದ ಸೈಕಲ್ಲಿನಿಂದ ಬೀಳುವುದು ಬೀಳುವ ಲೆಕ್ಕವೇ ಅಲ್ಲ, ಅಷ್ಟು ಹೊತ್ತಿಗೆ ಕಾಲು ನೆಲದಲ್ಲಿರುತ್ತದೆ. ನಡುವೆ ಅಡ್ಡ ಕಂಬಿ ಇಲ್ಲದ್ದರಿಂದ ಸೀರೆಯಲ್ಲೇ ಹತ್ತಬಹುದು. ಓಣಿಯಲ್ಲಿ ದನ ಅಡ್ಡ ಬಂದರೆ ಅಲ್ಲೇ ಇಳಿದು, ಮಗುವಿನ ಕೈ ಹಿಡಿದ ಹಾಗೆ ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ನಡೆಸಿಕೊಂಡು ಹೋಗಬಹುದು. ದೊಡ್ಡ ಸೈಕಲ್ಲು ಬೀದಿಯಲ್ಲಿ ನಿಲ್ಲುವಂಥದ್ದು. ಇದು ನನ್ನ ಜೊತೆ ಪಡಸಾಲೆ ದಾಟಿ, ನಡುವಿನ ಓಣಿ ಹಿಡಿದು ಬಚ್ಚಲ ಬಾಗಿಲವರೆಗೂ ಬರುತ್ತಿತ್ತು. ಆಟೊ ಹುಡುಗರು "ಅಜ್ಜಿ, ಲೈಸೆನ್ಸ್ ತೋರ್ಸಿ" ಅನ್ನುತ್ತಿದ್ದರು. ನಾನು ಬೆಲ್ಲು ಹೊಡೆದು ಮುಂದೆ ಹೋಗುತ್ತಿದ್ದೆ.

ಮಾಗಿಯ ಬೆಳಗ್ಗೆ ಅದರ ಮೇಲೆ ಹೋಗುವ ಸುಖವೇ ಬೇರೆ. ಹೊಳೆಯ ಕಡೆಯಿಂದ ಮಂಜು ಎದ್ದು ಗದ್ದೆ ಮೇಲೆಲ್ಲ ಹಾಸಿಕೊಂಡಿರುತ್ತದೆ. ತೆಂಗಿನ ಮರಗಳಿಗೆ ಬುಡವೇ ಇಲ್ಲ, ಬರೀ ತಲೆ. ಪುಟ್ಟ ಚಕ್ರ ಒಂದೊಂದು ಕಲ್ಲನ್ನೂ ಕೈಗೆ ತಿಳಿಸುತ್ತಾ ಹೋಗುತ್ತದೆ. ನೆಲ ಎಷ್ಟು ಹತ್ತಿರ ಅಂದರೆ ದಾರಿ ಬದಿಯ ಹುಲ್ಲಿನ ಇಬ್ಬನಿ ಸೀರೆಯ ಅಂಚಿಗೆ ಹತ್ತುತ್ತದೆ. ಏರಿಯ ಇಳಿಜಾರಿನಲ್ಲಿ ತುಳಿಯುವುದನ್ನು ನಿಲ್ಲಿಸಿದರೆ ಚೈನು ಟಿಕಟಿಕ ಅನ್ನುತ್ತಾ ತಾನೇ ಹೋಗುತ್ತಿರುತ್ತದೆ. ಆಗ ನಾನು ನಿದ್ದೆಯಲ್ಲಿದ್ದೇನೋ ಎಚ್ಚರದಲ್ಲಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ. ವಯಸ್ಸು, ಮಂಡಿ, ಸೊಸೆಯ ಮೇಲಿನ ಸಿಟ್ಟು, ಯಾವುದೂ ಆ ಇಳಿಜಾರಿನಲ್ಲಿ ನನ್ನ ಜೊತೆ ಬರುತ್ತಿರಲಿಲ್ಲ. ಕೆಳಗೆ ಊರು ಶುರುವಾಗಿ ಹೋಟೆಲಿನ ಹೊಗೆ ಮೂಗಿಗೆ ಬಡಿದಾಗ ಎಲ್ಲ ವಾಪಸ್ಸು ಬಂದು ಬುಟ್ಟಿಯಲ್ಲಿ ಕೂರುತ್ತಿದ್ದವು.

ಆ ವರ್ಷ ನೀರು ಹಾಕಲು ಒಪ್ಪಿಕೊಂಡ ಮನೆಗಳಲ್ಲಿ ಜಯಮ್ಮನದೂ ಒಂದು. ಅವಳ ಮಗಳು ಸುಷ್ಮಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಳಿಯ ಲೋಕೇಶ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವವನು. ಹೆರಿಗೆ ಸರಾಗವಾಗಿತ್ತು. ಹೆಣ್ಣು ಕೂಸು, ಒಳ್ಳೇ ಮೈಕಟ್ಟು. ಬಾಣಂತಿಯೇ ಸರಿಯಿರಲಿಲ್ಲ. ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು, ನಿದ್ದೆ ಮಾತ್ರ ಇಲ್ಲ. ಕೂಸು ಅತ್ತರೆ ತಿರುಗುತ್ತಿರಲಿಲ್ಲ. ಎದೆಗೆ ಕೊಟ್ಟರೆ ಹಿಡಿದುಕೊಳ್ಳುತ್ತಿರಲಿಲ್ಲ, ಜಯಮ್ಮನೇ ಹಿಡಿದು ಕುಡಿಸಬೇಕಿತ್ತು. ಮಾತಂತೂ ನಿಂತೇ ಹೋಗಿತ್ತು.

"ಗಾಳಿ ತಾಗೈತೆ ಕಣಜ್ಜಿ" ಅಂತ ಜಯಮ್ಮ ನನ್ನ ಕಿವಿಯಲ್ಲಿ ಹೇಳಿದಳು. "ಆಸ್ಪತ್ರೆಯಿಂದ ಬತ್ತಾ ಸೇತುವೆ ಮೇಲೆ ಆಟೊ ಕೆಟ್ಟು ನಿಂತ್ಬುಡ್ತು. ಅಲ್ಲೇ ತಾಗಿರೋದು. ಅಮಾಸೆಗೆ ಅರಕಲಗೂಡು ಕಡೆ ಕರ್ಕೊಂಡೋಗ್ತೀನಿ. ಅಲ್ಲೊಬ್ರು ಗಾಳಿ ಬಿಡುಸ್ತಾರೆ. ಅಳಿಮಯ್ಯಂಗೆ ಏನೂ ಗೊತ್ತಿಲ್ಲ, ಶೀತ ಆಗೈತೆ ಅಂದಿವ್ನಿ. ನೀನೂ ಬಾಯಿ ಬುಡಬ್ಯಾಡ."

ನಮ್ಮ ಕಡೆ ದೆವ್ವ ಪಿಶಾಚಿಗೆ ಗಾಳಿ ಅಂತಲೇ ಅನ್ನುವುದು. ಅದು ಇಲ್ಲವೇ ಇಲ್ಲ ಅನ್ನುವಷ್ಟು ಧೈರ್ಯ ನನಗಿಲ್ಲ. ಆದರೆ ಗಾಳಿ ಬಿಡಿಸುವವರು ಏನು ಮಾಡುತ್ತಾರೆ ಅಂತ ನೋಡಿದ್ದೇನೆ. ಒಣಮೆಣಸಿನಕಾಯಿ ಹೊಗೆ ಹಾಕುತ್ತಾರೆ, ಜುಟ್ಟು ಹಿಡಿದು ಬೇವಿನ ಬರಲಿನಲ್ಲಿ ಬಡಿಯುತ್ತಾರೆ. ಹೊಲಿಗೆ ಇನ್ನೂ ಮಾಯದ ಮೈಗೆ ಅದು ಆಗುವುದಿಲ್ಲ. "ಡಾಕ್ಟ್ರಿಗೆ ತೋರ್ಸು" ಅಂದೆ. "ಡಾಕ್ಟ್ರಿಗೆ ತೋರ್ಸುದ್ರೆ ಹುಚ್ಚು ಅಂತಾರೆ. ಅವ್ಳ ಬಾಳು ಏನಾಗ್ಬೇಕು?" ಅಂದಳು. ಜಯಮ್ಮ ಕೆಟ್ಟವಳಲ್ಲ, ಹೆದರಿದ್ದಳು. ಅಮಾವಾಸ್ಯೆ ಹತ್ತಿರ ಬರುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಏರಿಯ ಮೇಲೆ ಹಿಂದಿನ ಚಕ್ರಕ್ಕೆ ಜಾಲಿ ಮುಳ್ಳು ಹೊಕ್ಕಿತು. ತಳ್ಳಿಕೊಂಡೇ ಬಂದು ಎಂದಿನಂತೆ ಸೈಕಲ್ಲನ್ನು ಬಚ್ಚಲ ಓಣಿಯ ಗೋಡೆಗೆ ಒರಗಿಸಿದೆ. ಒಲೆ ಉರಿಯುತ್ತಿತ್ತು, ಹಂಡೆಯ ನೀರು ಕಾದು ಓಣಿ ತುಂಬಾ ಹಬೆ. ಜಯಮ್ಮ ಮಗಳ ತೋಳು ಹಿಡಿದು ಕರೆತಂದಳು. ಸುಷ್ಮಾ ಸೈಕಲ್ಲಿನ ಹತ್ತಿರ ನಿಂತಳು. ಕಣ್ಣು ಕೆಳಗೆ ಹೋಯಿತು.

"ಗಾಳಿ ಇಳ್ದೈತೆ" ಅಂದಳು.

ಅಷ್ಟು ದಿನ ಬಾಯಿ ಬಿಡದವಳು. ಜಯಮ್ಮನ ಕೈಯಲ್ಲಿದ್ದ ಎಣ್ಣೆ ಬಟ್ಟಲು ಠಣ್ಣೆಂದು ಬಿತ್ತು.

"ಏನಂದೆ? ಏನಂದೆ ನನ್ನವ್ವಾ?"

"ಗಾಳಿ ಇಳ್ದೈತೆ. ಪೂರ್ತಿ."

"ಇಳೀತು! ಅದ್ರ ಬಾಯಿಂದ್ಲೇ ಬಂತಲ್ಲಜ್ಜೀ! ಗಾಳಿ ಇಳೀತು!"

ನಾನು ಬಾಯಿ ತೆರೆಯುವ ಮೊದಲೇ ಜಯಮ್ಮ ದೇವರ ಕೋಣೆಗೆ ಓಡಿ ದೀಪ ಹಚ್ಚಿದಳು. ಆ ಸಂಭ್ರಮದಲ್ಲಿ ತಾನು ಮುಚ್ಚಿಟ್ಟದ್ದನ್ನೂ ಮರೆತು ಅಳಿಯನಿಗೇ ಫೋನ್ ಹಚ್ಚಿದಳು. "ಅಳಿಮಯ್ಯಾ, ಗಾಳಿ ಇಳೀತು!" ಅಂತ ಕೂಗುವುದು ಬಚ್ಚಲಿಗೂ ಕೇಳಿಸಿತು. ಆಮೇಲೆ ಸಣ್ಣ ದನಿಯಲ್ಲಿ, "ಯಾವ ಗಾಳಿ ಅಂದ್ರೆ... ನೀವು ಬನ್ನಿ, ಏಳ್ತೀನಿ."

ಸುಮ್ಮನಿದ್ದುಬಿಡೋಣ ಅಂತಲೇ ಇದ್ದೆ. ಹೇಗೋ ಮೆಣಸಿನಕಾಯಿ ಹೊಗೆ ತಪ್ಪಿತಲ್ಲ. ಸುಷ್ಮಾಳನ್ನು ಮಣೆಯ ಮೇಲೆ ಕೂರಿಸಿ ಬೆನ್ನಿಗೆ ಎಣ್ಣೆ ಇಟ್ಟೆ.

"ಸೈಕಲ್ ಒಡೀತಿದ್ಯೇನವ್ವಾ?"

"ಸ್ಕೂಲಲ್ಲಿ ಕೊಟ್ಟಿದ್ರಲ್ಲ, ಅದು." ದನಿ ತುಕ್ಕು ಹಿಡಿದ ಹಾಗಿತ್ತು. "ಕೈ ಬುಟ್ಟು ಒಡೀತಿದ್ದೆ."

"ಈಗ್ಲೂ ಆಸೆ ಐತಾ?"

ನೀರು ಎರೆಯುತ್ತಾ ಹೋದೆ. ಹಬೆಯಲ್ಲಿ ಅವಳ ಮುಖ ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಾಸುತ್ತಿತ್ತು. ಆಗ, ನನ್ನ ಕಡೆ ತಿರುಗದೆ, ಕನಸಿನಲ್ಲಿ ಮಾತಾಡುವವರ ಹಾಗೆ ಹೇಳಿದಳು: "ಅಜ್ಜಿ, ಪಾಪು ಅತ್ರೆ ಬೇರೆ ಯಾರ್ದೋ ಮನೇಲಿ ಅಳ್ತಾ ಇದ್ದಂಗಾಗ್ತದೆ. ನಂಗೇನೂ ಅನ್ಸಲ್ಲ. ಹೊಳೆ ಸದ್ದು ಮಾತ್ರ ಕೇಳ್ತಾನೇ ಇರ್ತದೆ. ಬಾ ಬಾ ಅಂತ."

ನನ್ನ ಕೈ ನಿಂತಿತು. ಆ ಮನೆಗೆ ಹೊಳೆಯ ಸದ್ದು ಕೇಳುವುದಿಲ್ಲ. ಹೊಳೆ ಊರಾಚೆ ಇದೆ, ಮಾಗಿಯಲ್ಲಿ ಅದಕ್ಕೆ ಸದ್ದೂ ಇರುವುದಿಲ್ಲ.

ಅವಳಿಗೆ ಬಟ್ಟೆ ಉಡಿಸಿ, ಮಲಗಿಸಿ, ಜಯಮ್ಮನನ್ನು ಹಿತ್ತಲಿಗೆ ಕರೆದೆ. "ಜಯಮ್ಮಾ, ಇಳ್ದಿದ್ದು ನನ್ ಸೈಕಲ್ ಗಾಳಿ. ಟ್ಯೂಬ್ ನೋಡು ಓಗು" ಅಂದೆ. ಹೊಳೆಯ ಮಾತನ್ನೂ ಹೇಳಿದೆ. ಅವಳು ನಂಬಲಿಲ್ಲ. ಓಣಿಗೆ ಹೋಗಿ ಟೈರನ್ನು ಬೆರಳಿನಲ್ಲಿ ಒತ್ತಿ ನೋಡಿದಳು. ಅದು ಒತ್ತಿದ ಕಡೆ ರೊಟ್ಟಿಯಂತೆ ಮಡಚಿತು. ಅವಳ ಮುಖ ಹೇಗಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ.

"ನಿನ್ನ ಬಾಯಿಗೆ ಮಣ್ಣಾಕ. ಒಂದ್ ಗಳಿಗೆ ನಾನು ನಗ್ತಾ ಇರ್ಬಾರ್ದಾ?" ಅಂದಳು. "ಎತ್ಕೊಂಡೋಗು ನಿನ್ ಸೈಕಲ್ಲ. ನಾಳೆಯಿಂದ ಬರಬ್ಯಾಡ."

"ಅಳಿಯ ಬರೋಗಂಟ ಓಗಲ್ಲ" ಅಂದೆ. ಬಾಣಂತಿ ಮಲಗಿದ್ದ ಕೋಣೆಯ ಹೊಸ್ತಿಲ ಮೇಲೆ ಕೂತೆ. ಅವತ್ತು ಮಿಕ್ಕ ಮನೆಗಳ ಕೂಸುಗಳು ನೀರಿಲ್ಲದೆ ಮಲಗಿದವು. ಬಿಸಿಲು ಏರಿ ಹೆಂಚಿನ ಸಂದಿಯಿಂದ ಒಂದು ಕೋಲು ಬೆಳಕು ಇಳಿದು ಸೈಕಲ್ಲಿನ ಬುಟ್ಟಿಯಲ್ಲಿ ನಿಂತಿತ್ತು. ಒಳಗೆ ತಾಯಿ ಗೋಡೆ ನೋಡುತ್ತಿದ್ದಳು, ಕೂಸು ಸೂರು ನೋಡುತ್ತಿತ್ತು. ಆ ಮನೆಯೇ ನೀರಿನ ತಳದಲ್ಲಿದೆಯೇನೋ ಅನ್ನುವಷ್ಟು ನಿಶ್ಶಬ್ದ.

ಲೋಕೇಶ ಬೈಕಿನಲ್ಲಿ ಬಂದ. ಅಂಗಿಯ ತುಂಬಾ ತೆಂಗಿನ ನಾರು, ಕಾಯಿ ಮಂಡಿಯ ವ್ಯಾಪಾರದಿಂದ ನೇರ ಎದ್ದು ಬಂದಿದ್ದ. ಜಯಮ್ಮ ಸೆರಗು ಹಿಂಡುತ್ತಾ ಕಂಬಕ್ಕೆ ಒರಗಿ ನಿಂತಳು.

"ಏನತ್ತೆ ಅದು ಗಾಳಿ?" ಅಂತ ಕೇಳಿದ. ನಾನೇ ಹೇಳಿದೆ. ಶೀತ ಅಲ್ಲ, ಮಾತಿಲ್ಲ, ನಿದ್ದೆಯಿಲ್ಲ, ಕೂಸು ಬೇಕಿಲ್ಲ, ಹೊಳೆ ಕರೆಯುತ್ತಿದೆ. ಒಂದೂ ಬಿಡದೆ ಹೇಳಿದೆ.

ಅವನು ಅಲ್ಲೇ ಕೂತುಬಿಟ್ಟ. "ನಂಗ್ಯಾಕೆ ಏಳ್ಲಿಲ್ಲ ಅತ್ತೆ?"

"ನೀವು ಬುಟ್ಟೋಗ್ತೀರ ಅಂತ" ಅಂದಳು ಜಯಮ್ಮ.

"ಅವ್ಳಿಗೆ ಕಾಲು ಮುರ್ದಿದ್ರೆ ಬುಟ್ಟೋಯ್ತಿದ್ನಾ?" ನನ್ನ ಕಡೆ ತಿರುಗಿದ. "ನಂಗೆ ಏನ್ ಮಾಡ್ಬೇಕು ತಿಳೀತಿಲ್ಲ. ಅಜ್ಜಿ, ನೀವೇ ಏನಾರ ದಾರಿ ಏಳಿ."

"ಕಾರು ಕರ್ಸು. ಹಾಸನದ ಆಸ್ಪತ್ರೆಗೆ ಇವತ್ತೇ ಓಗಿ. ಅಲ್ಲಿಗಂಟ ಒಬ್ರು ಅವ್ಳ ಕೈ ಬುಡಬ್ಯಾಡಿ."

ಮೂವರೂ ಕೂಸನ್ನು ಎತ್ತಿಕೊಂಡು ಹೋದರು. ನಾನು ಸೈಕಲ್ಲನ್ನು ಪಂಕ್ಚರ್ ಅಂಗಡಿಗೆ ತಳ್ಳಿಕೊಂಡು ಹೋದೆ. ಹಾಸನದ ಡಾಕ್ಟರಮ್ಮ ಹೆರಿಗೆಯಾದ ಮೇಲೆ ಕೆಲವರಿಗೆ ಬರುವ ಕಾಯಿಲೆ ಇದು, ವಾಸಿಯಾಗುತ್ತದೆ ಅಂದರಂತೆ. ಕೆಲವು ದಿನ ಅಲ್ಲೇ ಇಟ್ಟುಕೊಂಡು ಮಾತ್ರೆ ಕೊಟ್ಟರು. ಒಬ್ಬಳನ್ನೇ ಬಿಡಬಾರದು, ಚೆನ್ನಾಗಿ ನಿದ್ದೆ ಮಾಡಿಸಬೇಕು, ಕಿಟಕಿ ತೆಗೆದಿಡಬೇಕು ಅಂದರು. ಕಿಟಕಿಯ ಮಾತು ಜಯಮ್ಮನಿಗೆ ಹಿಡಿಸಲಿಲ್ಲ. ಆದರೂ ತೆಗೆದಳು. ಅವಳೇ ಬಂದು, "ನಾಳೆಯಿಂದ ಬಾ" ಅಂತ ನನ್ನನ್ನು ಕರೆದಳು. ಬಾಯಿಗೆ ಮಣ್ಣು ಹಾಕಿದ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ವಾಸಿಯಾಗುವುದು ನಿಧಾನ. ಒಂದು ದಿನ ಅರ್ಧ ಮಾತು, ಮರುದಿನ ಅದೂ ಇಲ್ಲ. ಕೂಸಿನ ಕತ್ತು ನಿಲ್ಲುವ ಹೊತ್ತಿಗೆ ತಾನೇ ಎತ್ತಿ ಹಾಲು ಕುಡಿಸುತ್ತಿದ್ದಳು, ಆದರೆ ಒಪ್ಪಿಸಿದ ಕೆಲಸ ಮಾಡುವವರ ಹಾಗೆ. ನೀರು ಹಾಕುವ ಕೆಲಸ ನನಗೆ ಒಂದು ಬುದ್ಧಿ ಕಲಿಸಿದೆ, ಈ ಮನೆಯಲ್ಲೇ ಕಲಿತದ್ದು. ಬಾಣಂತಿ ಬಾಯಿ ಬಿಟ್ಟಾಗ ನಮ್ಮ ಮನಸ್ಸಿನಲ್ಲಿ ಇರುವುದನ್ನು ಅವಳ ಬಾಯಿಗೆ ತುರುಕಬಾರದು. ಟೈರು ಅಂದರೆ ಟೈರು. ಹೊಳೆ ಅಂದರೆ ಹೊಳೆ.

ಸೈಕಲ್ ಹೊಡೆಯಬಹುದು ಅಂತ ಡಾಕ್ಟರಮ್ಮ ಹೇಳಿದ ಮೇಲೆ ಒಂದು ಬೆಳಗ್ಗೆ ನಾಲೆ ಏರಿಗೆ ಹೋದೆವು. ಜಯಮ್ಮ, ನಾನು, ಸುಷ್ಮಾ, ಕೂಸು. ಮಾಗಿ ಕಳೆದಿದ್ದರೂ ಹೊಳೆ ಕಡೆಯ ಮಂಜು ಪೂರ್ತಿ ಬಿಟ್ಟಿರಲಿಲ್ಲ. ಸುಷ್ಮಾ ಹ್ಯಾಂಡಲ್ ಮುಟ್ಟಿ, ಬೆಲ್ಲು ಹೊಡೆದು ನೋಡಿ, ಕೂಸನ್ನು ನನ್ನ ಕೈಗೆ ಕೊಟ್ಟು ಹತ್ತಿದಳು. ಮೊದಲು ಹಾವಿನ ಹಾಗೆ ಹೋಯಿತು ಸೈಕಲ್ಲು, ಆಮೇಲೆ ನೆಟ್ಟಗಾಯಿತು. ಪುಟ್ಟ ಚಕ್ರ ಎಷ್ಟು ಬೇಗ ಬೇಗ ತಿರುಗುತ್ತದೆ ಅಂತ ದೂರದಿಂದ ನೋಡಿದಾಗಲೇ ನನಗೆ ಗೊತ್ತಾದದ್ದು. ತಲೆಯ ಬಟ್ಟೆ ಬಿಚ್ಚಿ ಹಿಂದೆ ಹಾರಿತು. ಅದನ್ನು ತೆಗೆದುಕೊಳ್ಳಲು ಅವಳು ನಿಲ್ಲಲಿಲ್ಲ. ತಿರುವಿನಲ್ಲಿ ಮಂಜಿನೊಳಗೆ ಹೋಗಿ ಕಾಣದಾದಳು. ಆ ತಿರುವಿನ ಆಚೆ ದಾರಿ ಹೊಳೆಗೆ ಇಳಿಯುತ್ತದೆ.

"ಅಜ್ಜಿ, ಯಾಕ್ ಕೊಟ್ಟೆ ಸೈಕಲ್ಲ?" ಅಂದಳು ಜಯಮ್ಮ. ಅವಳ ಉಗುರು ನನ್ನ ತೋಳಿನಲ್ಲಿತ್ತು.

ಕೂಸು ನನ್ನ ತೋಳಲ್ಲಿ ಕಾಲು ಒದೆಯುತ್ತಿತ್ತು. ಬೆಳ್ಳಕ್ಕಿಗಳು ಗದ್ದೆಯಿಂದ ಎದ್ದು ಮತ್ತೆ ಅಲ್ಲೇ ಕೂತವು. ಜಯಮ್ಮ ಓಡಲು ಸೀರೆ ಎತ್ತಿ ಕಟ್ಟಿದಳು.

ಬೆಲ್ಲು ಕೇಳಿಸಿತು. ಮಂಜಿನಿಂದ ಮೊದಲು ಬುಟ್ಟಿ, ಆಮೇಲೆ ಅವಳ ಮುಖ. ಕೆನ್ನೆ ಕೆಂಪಾಗಿ, ಕೂದಲು ಕೆದರಿ, ಜೋರಾಗಿ ಉಸಿರು ಬಿಡುತ್ತಾ ಬಂದು ಇಳಿದಳು. ನನ್ನ ಕೈಯಿಂದ ಕೂಸನ್ನು ಕಿತ್ತುಕೊಂಡು ಅದರ ಪಾದ ಮುಟ್ಟಿ ನೋಡಿದಳು.

"ಏನಜ್ಜಿ ನೀವು, ಕಾಲುಚೀಲ ಎಲ್ಲಿ ಬೀಳ್ಸಿದ್ರಿ? ಕಾಲು ನೋಡಿ ಎಷ್ಟ್ ತಣ್ಣಗಾಗೈತೆ! ಇಷ್ಟ್ ವರ್ಷದಿಂದ ಕೂಸು ಎತ್ಕೊತೀರ, ಅಷ್ಟ್ ಗೊತ್ತಾಗಲ್ವಾ ನಿಮ್ಗೆ?"

ನನ್ನ ಕೆಲಸದಲ್ಲಿ ಯಾವ ಬಾಣಂತಿಯೂ ನನ್ನನ್ನು ಹಾಗೆ ಬೈದಿರಲಿಲ್ಲ. ಬಯ್ಯಲು ನಾನು ಬಿಡುತ್ತಲೂ ಇರಲಿಲ್ಲ. ಆ ದಿನ ಅವಳು ಪೂರ್ತಿ ಬೈದು ಮುಗಿಸುವವರೆಗೂ ನಿಂತು ಕೇಳಿಸಿಕೊಂಡೆ. ಆಮೇಲೆ ಹುಲ್ಲಿನಲ್ಲಿ ಬಗ್ಗಿ ಕಾಲುಚೀಲ ಹುಡುಕತೊಡಗಿದೆ.