ಬಾಲದ ಬುಡದ ಸೂಜಿ

ಈಗಲೂ ಯಾವುದೇ ಎತ್ತಿನ ಹಿಂದೆ ನಿಂತರೆ ನಾನು ಮೊದಲು ನೋಡುವುದು ಎತ್ತನ್ನಲ್ಲ, ಹತ್ತಿರದ ಕಲ್ಲುಕಂಬ ಎಷ್ಟು ದೂರದಲ್ಲಿದೆ ಎಂಬುದನ್ನು. ಕುಣಿಗಲ್ ತಾಲ್ಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ನಾನು ವೈದ್ಯ. ಎತ್ತಿನ ಹಿಂದೆ ನಿಲ್ಲದೆ ನನ್ನ ದಿನ ಸಾಗುವುದಿಲ್ಲ. ಹಾಗಾಗಿ ಆ ಬೆಳಿಗ್ಗೆ ನನ್ನೊಳಗೆ ಮತ್ತೆ ಮತ್ತೆ ನಡೆಯುತ್ತಲೇ ಇರುತ್ತದೆ.

ತುಮಕೂರಿನಲ್ಲಿ ನಮ್ಮಂಥ ಪಶುವೈದ್ಯರಿಗೆ ತರಬೇತಿಯೊಂದಿತ್ತು. ಪ್ರಾಣಿಗಳಿಗೆ ಅಕ್ಯುಪಂಕ್ಚರ್, ಅದರ ಜೊತೆಗೆ ಚೀನಾದ ಹಳೆಯ ವೈದ್ಯಪದ್ಧತಿಯ ಪರಿಚಯ. ಕಲಿಸಲು ಬಂದವರು ನಿವೃತ್ತ ಪ್ರಾಧ್ಯಾಪಕರು, ಮೆಲುದನಿಯ ಮನುಷ್ಯ. ಪರದೆಯ ಮೇಲೆ ಹಸುವಿನ ಚಿತ್ರ, ಅದರ ಮೈತುಂಬ ಗೆರೆಗಳು, ಗೆರೆಗಳ ಮೇಲೆ ಚುಕ್ಕೆಗಳು. ‘ಚಿ’ ಎಂಬ ಚೈತನ್ಯ ಈ ಗೆರೆಗಳಲ್ಲಿ ಹರಿಯುತ್ತದೆ, ಅದಕ್ಕೆ ತಡೆಯಾದಲ್ಲಿ ನೋವು ಹುಟ್ಟುತ್ತದೆ ಎಂದು ಚೀನಾದವರು ನಂಬಿದ್ದರಂತೆ.

“ಸಾರ್, ಚೀನಾ ಮಾಲಿಗೆ ಗ್ಯಾರಂಟಿ ಇರಲ್ಲ,” ಎಂದ ಹಿಂದಿನ ಸಾಲಿನವನೊಬ್ಬ. ಎಲ್ಲರೂ ನಕ್ಕರು.

“ನೀವು ಕೊಡೋ ಇಂಜೆಕ್ಷನ್‌ಗೆ ಇದ್ಯೇನ್ರಿ?” ಎಂದು ಪ್ರಾಧ್ಯಾಪಕರೂ ನಕ್ಕರು. “ಚಿ ನಂಬಬೇಡಿ, ಬಿಡಿ. ಈ ಚುಕ್ಕೆ ಕೆಳಗೆ ನರ ಹೋಗುತ್ತೆ ಅನ್ನೋದನ್ನಾದ್ರೂ ನಂಬ್ತೀರಲ್ಲ? ಅಲ್ಲಿಂದ ಶುರು ಮಾಡೋಣ. ಔಷಧಿ ಬಿಟ್ಟು ಇದನ್ನ ಮಾಡಿ ಅಂತ ನಾನು ಹೇಳ್ತಿಲ್ಲ, ಜೊತೆಗೆ ಮಾಡಿ ಅಂತಿದೀನಿ.”

ನನ್ನ ಪಕ್ಕದಲ್ಲಿ ಕೂತಿದ್ದವಳು ಬೆಳ್ಳಾವಿ ಕಡೆ ಕೆಲಸ ಮಾಡುವ ವೈದ್ಯೆ, ಕಾಲೇಜಿನ ದಿನಗಳಿಂದ ನನ್ನ ಗೆಳತಿ. ನಾನು ಅರ್ಧ ನಂಬಿ ಕೂತಿದ್ದೆ. ಅವಳು ಊಟದ ಬಿಡುವಿನಲ್ಲಿ ತನ್ನ ಕೈಗೇ ಸೂಜಿ ಚುಚ್ಚಿಕೊಂಡು, “ನೋಯಲ್ಲ ಕಣೋ, ಜುಮ್ಮಂತದೆ ಅಷ್ಟೆ,” ಎಂದಿದ್ದಳು.

ಪ್ರಾಯೋಗಿಕ ಪಾಠಕ್ಕೆ ಒಂದು ಬೆಳಿಗ್ಗೆ ನಮ್ಮನ್ನು ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆ ಕರೆದೊಯ್ದರು. ಒಬ್ಬ ರೈತನ ಕೊಟ್ಟಿಗೆಯ ಮುಂದೆ ಹಳ್ಳಿಕಾರ್ ಎತ್ತೊಂದು ನಿಂತಿತ್ತು. ಹಿಂದಿನ ಎಡಗಾಲನ್ನು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ. ತೊಡೆಯ ಮೇಲೆ ಹೊಸ ಬರೆಯ ಗುರುತಿತ್ತು.

“ಏನಾಯ್ತಪ್ಪ?” ಎಂದರು ಪ್ರಾಧ್ಯಾಪಕರು.

“ಜಾರ್ಬಿದ್ದ ಸಾ. ಬರೆ ಹಾಕ್ಸ್ದೆ, ಎಣ್ಣೆ ತಿಕ್ಕಿಸ್ದೆ. ಏನೂ ಆಗ್ನಿಲ್ಲ.”

“ಏನು ಕೆಲಸ ಮಾಡಿಸ್ತೀಯ ಇವನ ಹತ್ರ?”

“ನೇಗ್ಲು, ಗೊಬ್ಬುರದ ಗಾಡಿ. ಇನ್ನೇನ್ ಮಾಡ್ಸಾನ ಬುಡಿ.”

ಪ್ರಾಧ್ಯಾಪಕರು ಎತ್ತಿನ ಬೆನ್ನು, ಸೊಂಟ, ಬಾಲದ ಬುಡದಲ್ಲಿ ಸೀಮೆಸುಣ್ಣದಿಂದ ಚುಕ್ಕೆ ಇಟ್ಟರು. ಬಾಲದ ಬುಡದಲ್ಲಿ ಕೂದಲಿಲ್ಲದ ಸಣ್ಣ ಬಿಳಿ ಕಲೆಗಳಿದ್ದವು. ಉಣ್ಣೆ ಕಚ್ಚಿದ ಗಾಯ ಮಾಗಿದ್ದಿರಬೇಕು ಎಂದುಕೊಂಡೆವು. ಮೊದಲು ಯಾರು ಎಂದು ಅವರು ಕೇಳುವಷ್ಟರಲ್ಲಿ ಗೆಳತಿ ಮುಂದೆ ಹೋಗಿದ್ದಳು.

ಬೆನ್ನಿನ ಸೂಜಿಗಳು ಸಲೀಸಾಗಿ ಇಳಿದವು. ಎತ್ತು ಕಿವಿ ಜೋಲುಬಿಟ್ಟು, ಕಣ್ಣು ಅರೆಮುಚ್ಚಿ ನಿಂತಿತು. ಚೀನಾ ಮಾಲಿನ ಮಾತಾಡಿದವನೇ ಮೊಬೈಲಿನಲ್ಲಿ ಅದನ್ನು ಹಿಡಿಯುತ್ತಿದ್ದ. ಕೊನೆಯ ಸೂಜಿ ಹಿಡಿದು ಅವಳು ಬಾಲದ ಪಕ್ಕಕ್ಕೆ ಬಂದಳು. ಅವಳ ಬೆನ್ನಿಗೆ ಕೊಟ್ಟಿಗೆಯ ಕಲ್ಲುಕಂಬ.

ಆಗ ರೈತ ಮೂಗುದಾರದ ಹಗ್ಗವನ್ನು ಅಂಗೈಗೆ ಒಂದು ಸುತ್ತು ಸುತ್ತಿಕೊಂಡ. ನಾನದನ್ನು ನೋಡಿದೆ.

“ಅವ್ವಾ, ಅಲ್ಲಿ ಬ್ಯಾಡ ಕಣವ್ವಾ.”

“ಯಾಕಪ್ಪ?”

ಅವನು ಸುತ್ತ ನಿಂತಿದ್ದ ನಮ್ಮೆಲ್ಲರ ಮುಖ ನೋಡಿದ. “ಏನಿಲ್ಲ. ಅವನ್ಗೆ ಕಚಗುಳಿ ಜಾಸ್ತಿ.”

ನಾವು ನಕ್ಕೆವು. ಅವಳೂ ನಗುತ್ತಲೇ ಸೂಜಿ ಮುಟ್ಟಿಸಿದಳು.

ಎತ್ತು ಒದೆಯಲಿಲ್ಲ. ಒದೆಯುವ ಎತ್ತನ್ನು ನಾವೆಲ್ಲ ಬಲ್ಲೆವು, ಅದಕ್ಕೆ ಹೇಗೆ ಸರಿಯಬೇಕೆಂದೂ ಬಲ್ಲೆವು. ಇದು ತಲೆ ತಗ್ಗಿಸಿ, ಎಳೆಯುತ್ತಿದ್ದ ಕಾಲಿನ ನೆನಪೇ ಇಲ್ಲದಂತೆ ನೇರ ಮುಂದಕ್ಕೆ ಹಾರಿತು. ರೈತ ಹಗ್ಗದ ಜೊತೆ ನೆಲಕ್ಕೆ ಬಿದ್ದ. ಮೂಗು ಜಗ್ಗಿದ ನೋವಿಗೆ ಎತ್ತಿನ ತಲೆ ಅವನತ್ತ ತಿರುಗಿತು, ಹಿಂಭಾಗ ಬೀಸಿ ಬಂತು. ಗೆಳತಿ ಕಂಬಕ್ಕೂ ಎತ್ತಿನ ಸೊಂಟಕ್ಕೂ ನಡುವೆ ಸಿಕ್ಕಿಕೊಂಡಳು. ಅವಳು ಕೂಗಲಿಲ್ಲ. ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ. ಎತ್ತಿನ ಬೆನ್ನ ಮೇಲೆ ಸೂಜಿಗಳು ಬಿಸಿಲಿಗೆ ಹೊಳೆಯುತ್ತ ಅಲುಗುತ್ತಿದ್ದವು. ನನಗೆ ಹೆಚ್ಚು ಸಲ ಕಾಣುವುದು ಆ ಹೊಳಪೇ.

“ಹೋಯ್... ಹೋಹೋ... ಗೆದ್ದೆ ಕಣ್ಲಾ ಮಗನೇ, ಗೆದ್ದೆ, ಸಾಕು ನಿಲ್ಲಾ!”

ನೆಲದ ಮೇಲಿಂದ ರೈತ ಕೂಗಿದ. ಎತ್ತು ಗಕ್ಕನೆ ನಿಂತು, ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. ಅವಳು ಕಂಬಕ್ಕೆ ಒರಗಿಕೊಂಡೇ ಕುಸಿದಳು.

ಆ ಒಂದು ಕೂಗಿನಲ್ಲಿ ಎಲ್ಲವೂ ಗೊತ್ತಾಗಿಹೋಯಿತು. ಗೆಲುವಿನ ಗೆರೆ ದಾಟಿದ ಎತ್ತನ್ನು ನಿಲ್ಲಿಸುವ ಕೂಗು ಅದು. ಇದು ಗಾಡಿ ಓಟದ ಎತ್ತು. ಓಟದಲ್ಲಿ ಕೆಲವರು ಕೋಲಿನ ತುದಿಗೆ ಮೊಳೆ ಕಟ್ಟಿ ಬಾಲದ ಬುಡಕ್ಕೆ ತಿವಿಯುತ್ತಾರೆ. ಅಲ್ಲಿ ಚುಚ್ಚಿದರೆ ಓಡಬೇಕೆಂದು ಅದು ಕಲಿತಿತ್ತು. ಮೊಳೆ ಬಳಸಕೂಡದು ಎಂಬ ನಿಯಮವಿದೆ, ಓಟದ ಬೆಳಿಗ್ಗೆ ಎತ್ತುಗಳನ್ನು ಪರೀಕ್ಷಿಸಿ ಬಿಡುವವರು ನಾವೇ, ಪಶುವೈದ್ಯರು. ಅಂಗಳದ ತುಂಬ ನಾವೇ ನಿಂತಿದ್ದೆವು.

ಗುಬ್ಬಿಯಿಂದ ತುಮಕೂರಿಗೆ ಹೋಗುವ ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಅವಳ ಉಸಿರನ್ನೇ ಕೇಳುತ್ತ ಕೂತಿದ್ದೆ. ಪ್ರತಿ ಉಬ್ಬಿನಲ್ಲೂ ಅದು ಅರ್ಧಕ್ಕೆ ನಿಂತು ಮತ್ತೆ ಬರುತ್ತಿತ್ತು. ಪಕ್ಕೆಲುಬು ಬಿರುಕುಬಿಟ್ಟಿದೆ, ಶ್ವಾಸಕೋಶಕ್ಕೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದಾಗ ಪ್ರಾಧ್ಯಾಪಕರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಸಂಜೆ ರೈತ ಎಳನೀರು ಹಿಡಿದು ಬಂದ. ಅಂಗೈಗೆ ಬಟ್ಟೆ ಸುತ್ತಿತ್ತು.

“ಹೇಳಿದ್ರೆ ಕೇಸಾಕ್ತಿದ್ರಿ ಕಣವ್ವಾ. ಎತ್ತ ಕಿತ್ಕಂಡೋಗ್ತಾರೆ ಅಂತ ಬಾಯ್ ಕಟ್ಟೋಯ್ತು.”

“ಕಚಗುಳಿ ಅಂದ್ಯಲ್ಲಪ್ಪ ಪುಣ್ಯಾತ್ಮ,” ಎಂದು ನಗಲು ಹೋಗಿ ಅವಳು ಪಕ್ಕೆ ಹಿಡಿದುಕೊಂಡಳು. “ನಗಿಸ್ಬೇಡ, ನೋಯ್ತದೆ. ಎತ್ತು ಹೆಂಗಿದೆ?”

“ಮಲಗವ್ನೆ.”

“ನಾನು ಬಂದು ಮುಗಿಸ್ತೀನಿ. ಮೊಳೆ ಮನೇಲಿದ್ರೆ ಇವತ್ತೇ ಕಿತ್ತು ಬಿಸಾಕು.”

ಅವಳು ಮಾತು ತಪ್ಪಲಿಲ್ಲ. ಪಕ್ಕೆ ಕೂಡಿಕೊಂಡ ಮೇಲೆ ನನ್ನನ್ನೂ ಕರೆದುಕೊಂಡು ಹೋದಳು. ಎತ್ತನ್ನು ಬಯಲಿಗೆ ತಂದು ಕಟ್ಟಿಸಿದಳು, ಬಾಲದ ಬುಡ ಬಿಟ್ಟು ಉಳಿದ ಕಡೆಗಳಿಗೆ ಸೂಜಿ ಹಾಕಿದಳು. ಹಾಕುವ ಮುನ್ನ ಒಂದೊಂದು ಜಾಗವನ್ನೂ ಹೆಬ್ಬೆರಳಿಂದ ಒತ್ತಿ ಎತ್ತಿನ ಕಿವಿ ನೋಡುತ್ತಿದ್ದಳು. ಅಂಥ ಭೇಟಿಗಳು ಕೆಲವಾದ ಮೇಲೆ ಅದು ಕಾಲೂರತೊಡಗಿತು. ಸೂಜಿಯಿಂದಲೋ, ಮಲಗಿದ್ದ ವಿಶ್ರಾಂತಿಯಿಂದಲೋ, ಖಂಡಿತವಾಗಿ ಹೇಳಲಾರೆ. ಅವಳನ್ನು ಕೇಳಿದರೆ, “ಎರಡೂ ಇರ್ಲಿ ಬಿಡೋ,” ಎನ್ನುತ್ತಾಳೆ.

ಮೊನ್ನೆ ಮಾರ್ಕೋನಹಳ್ಳಿ ಕಡೆಯವನೊಬ್ಬ ಕುಂಟುವ ಎತ್ತನ್ನು ನನ್ನ ಬಳಿ ತಂದ. ನಾನು ಬಾಲದ ಬುಡದ ಕೂದಲನ್ನು ಸರಿಸಿ ನೋಡಿದೆ.

“ಓಟಕ್ಕೆ ಬಿಟ್ಟಿದ್ಯಾ? ಕೇಸ್ ಹಾಕಲ್ಲ, ನಿಜ ಹೇಳು.”

“ಅಯ್, ಇಲ್ಲ ಸಾ. ಬರೀ ನೇಗ್ಲು.”

ಕಲೆಗಳಿರಲಿಲ್ಲ. ಕಂಬವೂ ದೂರದಲ್ಲಿತ್ತು. ಹೆಬ್ಬೆರಳೊತ್ತಿದರೆ ಎತ್ತು ಕಿವಿಯನ್ನೂ ಆಡಿಸಲಿಲ್ಲ. ಆದರೂ ಎತ್ತನ್ನು ಬಿಚ್ಚಿ ಬಯಲಿಗೆ ಹೊಡೆದುಕೊಂಡು ಬಾ ಎಂದೆ. ಅವನು ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಿದ್ದುದನ್ನು ಕಂಡು, ನನಗೇ ಅಚ್ಚರಿಯಾಗುವಷ್ಟು ಜೋರಾಗಿ, “ಸುತ್ಕಬ್ಯಾಡ!” ಎಂದು ಕೂಗಿಬಿಟ್ಟೆ.